ಅಜ್ಜನ ತೂಗುಕುರ್ಚಿ: ಮೊದಲು ಮಗುಚಿ ಹಾಕಿ ನೋಡಿ

ಬದಿಯಡ್ಕದ ಅಜ್ಜನ ಮನೆಯಿಂದ ಪಾಲಿಗೆ ಬಂದ ತೂಗುಕುರ್ಚಿ ಯಾವ ಶೈಲಿಯದು, ಮಾವ ಹೇಳುವಂತೆ 150 ವರ್ಷ ಹಳೆಯದೇ ಎಂದು ಕೇಳಿದ್ದೀರಿ. ಕೈ ಇಡುವಲ್ಲಿನ ಆ ದೊಡ್ಡ ಸುರುಳಿ ನೋಡಿದರೆ ಶೈಲಿ ಥೋನೆಟ್‌ನದೇ. ವಿಯೆನ್ನಾದ ಮೈಕೆಲ್ ಥೋನೆಟ್ ಯುರೋಪಿನ ಬೀಚ್ ಎಂಬ ಮರದ ಕೋಲುಗಳನ್ನು ಹಬೆಯಲ್ಲಿ ಬಗ್ಗಿಸಿ 1860ರ ಹೊತ್ತಿಗೆ ಇಂಥದ್ದನ್ನು ತಂದ. 1869ರಲ್ಲಿ ಪೇಟೆಂಟ್ ಮುಗಿದದ್ದೇ ತಡ, ಬೇರೆಯವರೂ ಮಾಡತೊಡಗಿದರು. ಹಾಗಾಗಿ ಬರೀ ಆಕಾರದಿಂದ ವಯಸ್ಸು ಹೇಳಲಾಗದು.

ಆದರೆ ‘ಎತ್ತಲು ಇಬ್ಬರು ಬೇಕು’ ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಬೀಚಿನದ್ದಾದರೆ ಹಗುರ, ಒಬ್ಬರೇ ಜಗಲಿಯಿಂದ ಒಳಗೆ ಒಯ್ಯಬಹುದು. ಮಗುಚಿ ಹಾಕಿ, ಕೆಳಗಿನ ಬಾಗಿದ ಕಾಲನ್ನು ಒರೆಸಿ, ಮರದ ಗೆರೆ ನೋಡಿ. ಗೆರೆ ಬಾಗಿನ ಜೊತೆಗೇ ತಿರುಗಿದ್ದರೆ ಹಬೆಯಲ್ಲಿ ಬಗ್ಗಿಸಿದ್ದು. ನೇರ ಹೋಗಿ ಅಂಚಿನಲ್ಲಿ ಕಡಿದಂತಿದ್ದು, ನಡುವೆ ಜೋಡಣೆಯೂ ಕಂಡರೆ ಹಲಗೆಯಿಂದ ಕೊರೆದದ್ದು. ಅಂದರೆ ನಮ್ಮ ಕಡೆಯ ಆಚಾರಿಯ ಕೈಕೆಲಸ. ಸಾಗುವಾನಿಯೋ ಬೀಟಿಯೋ ಇರಬೇಕು. (ಅದೇನು ಕಡಿಮೆಯಲ್ಲ ಮಾರಾಯ್ರೇ, ನಮ್ಮ ಮಳೆಗಾಲಕ್ಕೂ ಗೆದ್ದಲಿಗೂ ಬೀಚ್ ಎಲ್ಲಿ ತಡೆಯುತ್ತದೆ!)

ಆಸನದ ಚೌಕಟ್ಟಿನ ಒಳಬದಿಗೆ ಟಾರ್ಚ್ ಹಾಕಿ. ತಯಾರಿಸಿದವರ ಹೆಸರಿನ ಕಾಗದದ ಚೀಟಿಯ ತುಂಡೋ ಒತ್ತಿದ ಅಕ್ಷರವೋ ಇದ್ದರೆ ಫೋಟೊ ಕಳಿಸಿ. ಕೂಡು ಗುರುತಿನ ತಲೆಯ ಸ್ಕ್ರೂ ಬಂದದ್ದು 1930ರ ದಶಕದಲ್ಲಿ, ಆದರೆ ರಿಪೇರಿಯಲ್ಲೂ ಹಾಕಿರಬಹುದು. ಬೆತ್ತ ಮತ್ತೆ ಹೆಣೆದದ್ದು, ಅದರ ಲೆಕ್ಕ ಬಿಡಿ. ಅಷ್ಟರವರೆಗೆ ಹಳೆಯ ಪಾಲಿಶ್ ಉಜ್ಜಬೇಡಿ.