1985ರ ‘ಶೋಡೌನ್’ ಬ್ಲೂಸ್ ಆಲ್ಬಮ್‌ನಲ್ಲಿ ಮೂವರ ಗಿಟಾರ್ ಇದೆ. ಯಾರದ್ದು ಯಾವುದು ಅಂತ ಗುರುತಿಸೋದು ಹೇಗೆ?
ಮೊದಲು ಆಲ್ಬರ್ಟ್ ಕಾಲಿನ್ಸ್ ಗಿಟಾರಿನ ಸದ್ದನ್ನು ಗುರುತಿಸಿಕೊಳ್ಳಿ, ಉಳಿದದ್ದು ಸುಲಭ. ಸೂಜಿ ಚುಚ್ಚಿದ ಹಾಗೆ ಚುರುಕಾಗಿ ಬರುವ ಸದ್ದು ಅವರದ್ದೇ.

ಕಾರಣ ಅವರ ಬೆರಳು ಮತ್ತು ಒಂದು ಕ್ಲಿಪ್. ತಂತಿಗಳನ್ನು ಅಡ್ಡಲಾಗಿ ಒತ್ತಿ ಹಿಡಿಯುವ ‘ಕೇಪೋ’ ಅನ್ನೋ ಈ ಕ್ಲಿಪ್ಪನ್ನು ಕಾಲಿನ್ಸ್ ಗಿಟಾರಿನ ಕತ್ತಿನಲ್ಲಿ ತುಂಬಾ ಒಳಗೆ ಹಾಕುತ್ತಿದ್ದರು. ಮಿಡಿಯುವ ತಂತಿ ಗಿಡ್ಡವಾದಷ್ಟೂ ಸ್ವರ ಮೇಲೇರುತ್ತದೆ, ಅಲ್ವಾ? ಜೊತೆಗೆ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಇಲ್ಲದೆ ಬರಿಬೆರಳಲ್ಲೇ ತಂತಿ ಎಳೆದು ಫಟ್ ಅಂತ ಬಿಡುತ್ತಿದ್ದರು. ಟೆಲಿಕ್ಯಾಸ್ಟರ್ ಗಿಟಾರಿನ ಸದ್ದು ಮೊದಲೇ ಖಡಕ್, ಇನ್ನು ಕೇಳಬೇಕೇ!

ಮೂವರಲ್ಲಿ ಕಿರಿಯರಾದ ರಾಬರ್ಟ್ ಕ್ರೇ ಅವರದ್ದು ನಯವಾದ, ಅಳೆದು ತೂಗಿದ ನುಡಿಸಾಟ. ಟೆಕ್ಸಾಸ್ ಶೈಲಿಯ ಜಾನಿ ಕೋಪ್‌ಲ್ಯಾಂಡ್ ಅವರದ್ದು ಸ್ವಲ್ಪ ಒರಟು, ದನಿಯೂ ಹಾಗೇ. ಮೊದಲ ಹಾಡು ‘ಟಿ-ಬೋನ್ ಶಫಲ್’ ಅನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳಿ.