ಒಂದು ಸಮಾಜ ಧಾರ್ಮಿಕ ಉಗ್ರವಾದಕ್ಕೆ ಸುಲಭವಾಗಿ ಬಲಿಯಾಗುವುದು ಯಾಕೆ?

ಬಡತನ, ಅನಕ್ಷರತೆ ಅಂತ ಸುಮ್ನೆ ಹೇಳಿಬಿಡುತ್ತೇವೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ, ಜನರಿಗೆ ನ್ಯಾಯ ಸಿಗದೇ ಇರುವುದು.

ಪಾಕಿಸ್ತಾನದ ಸ್ವಾತ್ ಕಣಿವೆಯನ್ನೇ ನೋಡಿ. 1969ರವರೆಗೆ ಅದು ಸಂಸ್ಥಾನ. ಜಮೀನಿನ ಜಗಳಗಳು ಬೇಗ ತೀರುತ್ತಿದ್ದವು. ಸಂಸ್ಥಾನ ಹೋದಮೇಲೆ ಅಂಥವೇ ವ್ಯಾಜ್ಯಗಳು ಕೋರ್ಟಿನಲ್ಲಿ ವರ್ಷಗಟ್ಟಲೆ ಕೊಳೆತವು. ಜನ ಬೇಸತ್ತಿದ್ದಾಗ, ಮುಂದೆ ತಾಲಿಬಾನ್ ಮುಖಂಡನಾದ ಮೌಲಾನಾ ಫಜಲುಲ್ಲಾ ಎಫ್‌ಎಂ ರೇಡಿಯೋದಲ್ಲಿ ಮಾತು ಶುರುಮಾಡಿದ. ಮೊದಮೊದಲು ಒಳ್ಳೆಯ ನಡತೆ, ತಕ್ಷಣದ ನ್ಯಾಯ ಅಂತೆಲ್ಲ. ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ಅವರೇನೂ ಕೆಟ್ಟವರಲ್ಲ, ಅಲ್ವಾ? ಆಮೇಲೆ ಬಂದೂಕು ಬಂತು. 2009ರ ಜನವರಿಯಲ್ಲಿ ಹೆಣ್ಣುಮಕ್ಕಳ ಶಾಲೆ ಬಂದ್. ಆ ಹೊತ್ತಿಗೆ ತಡೆಯುವವರೇ ಉಳಿದಿರಲಿಲ್ಲ. ಜೀವಭಯಕ್ಕೆ ಎಷ್ಟೋ ಪೊಲೀಸರು, ತಾವು ಕೆಲಸ ಬಿಟ್ಟಿದ್ದೇವೆ ಅಂತ ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದರು.