ಲೇಸರ್ ಯಂತ್ರಕ್ಕೆ ಗಾಳಿ ಎಷ್ಟು ಬೇಕು?

ಪ್ರಶ್ನೆ: ಕಾರ್ಬನ್ ಡೈಆಕ್ಸೈಡ್ ಲೇಸರ್ ಯಂತ್ರದಲ್ಲಿ ನಾಮಫಲಕ ಮಾಡುತ್ತೇನೆ. ಏರ್ ಅಸಿಸ್ಟ್ (ಕಿರಣ ಬೀಳುವ ಜಾಗಕ್ಕೆ ನಳಿಕೆಯಿಂದ ಗಾಳಿ ಊದುವ ವ್ಯವಸ್ಥೆ) ಇಲ್ಲದೆ 3 ಮಿ.ಮೀ. ಪ್ಲೈವುಡ್ ಕತ್ತರಿಸಿದರೆ ಅಂಚು ಕರಕಲಾಗುತ್ತದೆ. ಗಾಳಿಯನ್ನು ಪೂರ್ತಿ ಬಿಟ್ಟು ಅಕ್ಷರ ಕೆತ್ತಿದರೆ ಸುತ್ತಲೂ ಕಂದು ಕಲೆ ಉಳಿಯುತ್ತದೆ. ಏನು ಮಾಡಲಿ?

ಉತ್ತರ: ಕತ್ತರಿಸುವುದಕ್ಕೂ ಕೆತ್ತುವುದಕ್ಕೂ ಒಂದೇ ಪ್ರಮಾಣದ ಗಾಳಿ ಒಗ್ಗುವುದಿಲ್ಲ. ಮರವನ್ನು ಕತ್ತರಿಸುವಾಗ ನಳಿಕೆಯಿಂದ ರಭಸವಾಗಿ ಬರುವ ಗಾಳಿಯು ಸೀಳಿನಲ್ಲಿ ಏಳುವ ಜ್ವಾಲೆಯನ್ನು ಅಡಗಿಸಿ, ಕಿರಣಕ್ಕೆ ಅಡ್ಡಬರುವ ಹೊಗೆಯನ್ನೂ ಮಸಿಯನ್ನೂ ಹೊರದೂಡುವುದರಿಂದ ಅಂಚು ಶುಚಿಯಾಗಿ ಬರುತ್ತದೆ, ಬೆಂಕಿಯ ಅಪಾಯವೂ ತಗ್ಗುತ್ತದೆ. ಕೆತ್ತನೆಯಲ್ಲಿ ಹೊಗೆಗೆ ಕೆಳಗೆ ದಾರಿಯಿಲ್ಲ. ರಭಸದ ಗಾಳಿ ಅದನ್ನು ಮರದ ಮೇಲ್ಮೈಗೇ ಒತ್ತುತ್ತದೆ. ನಿಮ್ಮ ಕಂದು ಕಲೆಗೆ ಇದೇ ಕಾರಣವಿರಬೇಕು. ಆಗ ಗಾಳಿಯನ್ನು ತಗ್ಗಿಸಿ, ಆದರೆ ಪೂರ್ತಿ ನಿಲ್ಲಿಸಬೇಡಿ: ಲೆನ್ಸಿನ ಮೇಲೆ ಮಸಿ ಕೂರದಂತೆ ಕಾಯುವುದೂ ಅದೇ ಗಾಳಿ. ಮೇಲ್ಮೈಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಕೆತ್ತುವುದು ನನಗೆ ಮೆಚ್ಚಿನ ಉಪಾಯ.

ಅಕ್ರಿಲಿಕ್ ಮಾತ್ರ ಬೇರೆ ಜಾತಿ. ಗಾಳಿ ಮಂದವಾಗಿದ್ದರೆ ಕರಗಿದ ಅಂಚು ಗಾಜಿನಂತೆ ಹೊಳೆಯುತ್ತದೆ, ಹೆಚ್ಚಾದರೆ ಮಂಕಾಗುತ್ತದೆ. ಆದರೆ ಮಂದಗಾಳಿಯಲ್ಲಿ ಅದು ಹೊತ್ತಿಕೊಳ್ಳಬಹುದಾದ್ದರಿಂದ ಯಂತ್ರವನ್ನು ಬಿಟ್ಟು ಕದಲಬೇಡಿ. ಕಂಪ್ರೆಸರ್ ಬಳಸುವುದಾದರೆ ನೀರು, ಎಣ್ಣೆಯ ಅಂಶ ಲೆನ್ಸಿಗೆ ತಲುಪದಂತೆ ನಡುವೆ ಫಿಲ್ಟರ್ ಇರಲಿ.